ಕೊಳಕ್ಕೆ ಹಾಕಿದ ಹೆಪ್ಪು

ವಿಶಾಲಾಕ್ಷಮ್ಮನವರ ಹಿತ್ತಿಲಿನ ಕೊಳದಲ್ಲಿ ಬೆಳೆದಂಥ ಪಾಚಿ ಭೂಮಂಡಲದಲ್ಲಿ ಇನ್ನೆಲ್ಲೂ ಬೆಳೆದದ್ದಿಲ್ಲ. ಬಸಳೆಸೊಪ್ಪು ರುಬ್ಬಿ ಸುರಿದ ಹಾಗಿತ್ತು ನೀರು. ಅದರ ಮೇಲೆ ಕಾಗೆ ಕೂತರೆ ಕಾಲು ಒದ್ದೆಯಾಗುತ್ತಿರಲಿಲ್ಲ. ಪಕ್ಕದ ಮನೆಯ ಬೆಕ್ಕು ಒಮ್ಮೆ ಹುಲ್ಲುಹಾಸೆಂದು ತಿಳಿದು ಅರ್ಧ ಕೊಳ ನಡೆದುಕೊಂಡೇ ದಾಟಿತ್ತು. ಆಮೇಲೆ ಅದಕ್ಕೇ ಅನುಮಾನ ಬಂದು ಮುಳುಗಿತು. ನೋಡಿದವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಬಹುದು.

ಮೈಸೂರಿನ ಆ ಬಡಾವಣೆಯಲ್ಲಿ ಕೊಳದ ಹುಚ್ಚು ಹತ್ತಿದ್ದು ದಸರೆಯ ಮನೆತೋಟದ ಸ್ಪರ್ಧೆಯಿಂದ. ಒಂದು ವರ್ಷ ಕೊಳವಿದ್ದ ಮನೆಗೆ ಮೊದಲ ಬಹುಮಾನ ಬಂತು, ಅಷ್ಟೇ. ಮರುವರ್ಷದ ಹೊತ್ತಿಗೆ ಹಿತ್ತಿಲಲ್ಲಿ ಕೊಳವಿಲ್ಲದ ಮನೆಗೆ ಹೆಣ್ಣು ಕೊಡುವವರೇ ಇಲ್ಲ ಅನ್ನುವಂತಾಯಿತು. ಕಾರು ನಿಲ್ಲಿಸುವ ಜಾಗ ಅಗೆದರು, ಒಗೆಯುವ ಕಲ್ಲು ಕಿತ್ತರು. ತಾವರೆ ನೆಟ್ಟು, ಬಣ್ಣದ ಮೀನು ಬಿಟ್ಟು, ಆ ಮೀನಿಗೆ ದಿನವೂ ಪುರಿ, ಅವಲಕ್ಕಿ, ಹಬ್ಬದ ದಿನ ಹೋಳಿಗೆಯ ಅಂಚು ಹಾಕಿದರು. ಮೀನು ತಿಂದದ್ದು ಎಷ್ಟೋ, ಉಳಿದದ್ದೆಲ್ಲ ತಳದಲ್ಲಿ ಕೊಳೆಯಿತು. ಮೇಲಿನಿಂದ ಬಿಸಿಲು. ಪಾಚಿಗೆ ಇನ್ನೇನು ಬೇಕು?

ವಿಶಾಲಾಕ್ಷಮ್ಮ ಮಾಡದ ಉಪಾಯವಿರಲಿಲ್ಲ. ಭತ್ತದ ಹುಲ್ಲಿನ ಕಂತೆ ಮುಳುಗಿಸಿದರು. ಬಸವನಹುಳು ತಂದು ಬಿಟ್ಟರು. ಅವು ಪಾಚಿ ಬಿಟ್ಟು ತಾವರೆ ಎಲೆ ತಿಂದವು. ಮೈಲುತುತ್ತ ಹಾಕಿದರು, ಪಾಚಿ ಉಳಿಯಿತು, ಅರ್ಧ ಮೀನು ಸತ್ತವು. ಕೊನೆಗೆ ತಂಗಿಯ ಮಗಳು ಹರಿಣಿಗೆ ಫೋನು ಮಾಡಿ, "ನೀನು ಅಷ್ಟು ದೊಡ್ಡ ಲ್ಯಾಬಿನಲ್ಲಿ ಕೂತು ಏನು ಕಡಲೆಕಾಯಿ ಸುಲೀತೀಯೇನೇ?" ಎಂದು ಕೇಳಿದರು.

ಹರಿಣಿಗೆ ಆ ಮಾತು ಚುಚ್ಚಿತು. ಭಾನುವಾರ ಮಧ್ಯಾಹ್ನ ಅವಳು ಬಂದಾಗ ಕೈಯಲ್ಲಿ ಒಂದು ಸೀಸೆಯಿತ್ತು, ಒಂದು ಪುಡಿಯ ಪೊಟ್ಟಣವಿತ್ತು.

"ಕೆಮ್ಮಿನ ಔಷಧಿ ಥರ ಇದೆಯಲ್ಲೇ," ಎಂದರು ವಿಶಾಲಾಕ್ಷಮ್ಮ.

"ಕೊಳಕ್ಕೆ, ದೊಡ್ಡಮ್ಮ. ಇದರೊಳಗಿರೋದು ಪಾಚಿ ತಿನ್ನುತ್ತೆ. ಜೊತೆಗೆ ಈ ಪುಡಿ ದಿನಾ ಒಂದು ಚಮಚ ಹಾಕಬೇಕು, ಹಾಲಿನ ಸಕ್ಕರೆ ಇದು. ಪುಡಿ ನಿಲ್ಲಿಸಿದರೆ ಇದೂ ಸತ್ತುಹೋಗುತ್ತೆ. ಪಾಚಿ ಹೋದಮೇಲೆ ನಿಲ್ಲಿಸಿಬಿಡಿ."

"ಆಫೀಸಿನಲ್ಲಿ ಕೇಳಿ ತಂದೆಯೋ?"

ಹರಿಣಿ ಬಗ್ಗಿ ಚಪ್ಪಲಿ ಬಿಚ್ಚತೊಡಗಿದಳು. ಬಿಚ್ಚುವುದು ಮುಗಿಯಲೇ ಇಲ್ಲ.

"ಕೇಳಿಲ್ಲ," ಎಂದರು ವಿಶಾಲಾಕ್ಷಮ್ಮ ಸಂತೋಷದಿಂದ. "ನಮ್ಮ ವಂಶದ ರಕ್ತ. ಬಾ, ಊಟ ಮಾಡು."

ಒಳಗೆ ಊಟಕ್ಕೆ ಕೂತಾಗ ಮೊಸರು ಬಂತು. ವಿಶಾಲಾಕ್ಷಮ್ಮನವರ ಮೊಸರಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಪಾಪ ಬರುತ್ತದೆ. ಚಾಕುವಿಲ್ಲದೆ ಕತ್ತರಿಸಲು ಆಗದ ಮೊಸರು ಅದು. ಪಾತ್ರೆ ಬೋರಲು ಹಾಕಿದರೂ ಬೀಳಲು ಮನಸ್ಸು ಮಾಡುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಹಾಲು ಒಡೆದರೂ, ಯಾರು ಊರಿಗೆ ಹೋಗಿ ಬಂದರೂ, ಬಟ್ಟಲು ಹಿಡಿದು ಬರುವುದು ಇವರ ಮನೆಗೇ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನಬಾರದು, ದೀಪ ಹಚ್ಚಿದಮೇಲೆ ಕೊಡಬಾರದು. ಈ ಎರಡು ಕಾನೂನನ್ನು ವಿಶಾಲಾಕ್ಷಮ್ಮ ಮುರಿದದ್ದಿಲ್ಲ.

*

ಲ್ಯಾಬಿನಲ್ಲಿ ಆ ಜೀವಿಗೆ ಅಕ್ಷರವೂ ಅಂಕಿಯೂ ಬೆರೆತ ಒಂದು ಉದ್ದದ ಹೆಸರಿತ್ತು. ಅಲ್ಲಿ ಕೆಲಸ ಮಾಡುವವರು ಮಾತ್ರ ಪಾಚಿಬಾಕ ಎನ್ನುತ್ತಿದ್ದರು. ಕೆರೆಗಳನ್ನು ಶುದ್ಧ ಮಾಡುವುದಕ್ಕೆಂದು ಹರಿಣಿಯ ತಂಡ ವರ್ಷಗಟ್ಟಲೆ ಕೂತು ಕಟ್ಟಿದ ಬ್ಯಾಕ್ಟೀರಿಯಾ ಅದು. ಪಾಚಿಯ ಮೈಗೆ ಅಂಟಿಕೊಂಡು ಒಳಗಿನ ಹಸಿರನ್ನು ಕರಗಿಸಿ ಕುಡಿಯುತ್ತಿತ್ತು. ದೊಡ್ಡ ಗಿಡಗಳ ಎಲೆಗೆ ಮೇಣದ ಪದರವಿರುವುದರಿಂದ ಅದರ ಆಟ ಅಲ್ಲಿ ನಡೆಯುತ್ತಿರಲಿಲ್ಲ.

ಅದು ಕೈಮೀರಿ ಹೋಗಬಾರದೆಂದು ಒಂದು ಬೀಗವನ್ನೂ ಹಾಕಿದ್ದರು. ಅದು ಬದುಕಲು ಬೇಕೇಬೇಕಾದ ಒಂದು ಜೀನು, ಹತ್ತಿರದಲ್ಲಿ ಹಾಲಿನ ಸಕ್ಕರೆ ಇದ್ದರಷ್ಟೇ ಕೆಲಸ ಮಾಡುವಂತೆ ತಿದ್ದಿದ್ದರು. ಸಕ್ಕರೆ ಕೀಲಿಕೈ. ಕೀಲಿಕೈ ತೆಗೆದರೆ ಬೀಗ ಬಿತ್ತು, ಜೀವಿ ಸತ್ತಿತು.

"ಹಾಲಿನ ಸಕ್ಕರೆಯೇ ಏಕೆ?" ಎಂದು ಹಿಂದೊಮ್ಮೆ ಸಭೆಯಲ್ಲಿ ಯಾರೋ ಕೇಳಿದ್ದರು.

ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಸಂಪತ್ ನಕ್ಕಿದ್ದರು. ಅವರು ಪರದೇಶದ ಏಳೆಂಟು ವಿಶ್ವವಿದ್ಯಾಲಯಗಳ ನೀರು ಕುಡಿದು ಬಂದವರು. "ಕೆರೆಯೊಳಗೆ ಹಾಲು ಎಲ್ಲಿಂದ ಬರಬೇಕು ಹೇಳಿ?" ಎಂದಿದ್ದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಹಾಗೆ ತಲೆಯಾಡಿಸಿದವರಲ್ಲಿ ಅರ್ಧ ಜನ ಆ ವಾರವೇ ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು ಬಂದಿದ್ದರು. ಹರಿಣಿಯೂ ಎರೆದಿದ್ದಳು. ಲ್ಯಾಬಿನ ಬಾಗಿಲಲ್ಲಿ ಬಿಳಿ ಕೋಟು ಹಾಕಿಕೊಳ್ಳುವಾಗ ಮನೆಯ ನೆನಪನ್ನು ಗೂಟಕ್ಕೆ ನೇತುಹಾಕುವುದು ಅವರೆಲ್ಲರ ಅಭ್ಯಾಸ.

*

ಕೊಳ ತಿಳಿಯಾಯಿತು. ಎಂಥ ತಿಳಿ ಅಂದರೆ, ಮೀನುಗಳಿಗೆ ಪರಸ್ಪರ ಮುಖ ಕಂಡು ಅವುಗಳಲ್ಲಿ ಹಳೆಯ ಜಗಳಗಳು ಶುರುವಾದವು. ಸೀಸೆ ಮುಗಿಯಿತು, ಪುಡಿ ಮುಗಿಯಿತು. ಹರಿಣಿ ಫೋನಿನಲ್ಲಿ ಕೇಳಿದಾಗಲೆಲ್ಲ ದೊಡ್ಡಮ್ಮ, "ಫಸ್ಟ್‌ಕ್ಲಾಸಾಗಿದೆ ಕಣೆ," ಎನ್ನುತ್ತಿದ್ದರು. ಅವಳು ಮರೆತಳು.

ಪಿತೃಪಕ್ಷದಲ್ಲಿ ಒಂದು ಬೆಳಿಗ್ಗೆ ಅವಳು ಆ ಬೀದಿಗೆ ಬಂದಳು. ಪಕ್ಕದ ಮನೆಯ ಕೋಮಲಮ್ಮನವರ ಕಾಂಪೌಂಡಿನ ಮೇಲಿಂದ ಸುಮ್ಮನೆ ಇಣುಕಿದಾಗ ಅವರ ಕೊಳದ ತಳದ ಕಲ್ಲುಗಳು ಎಣಿಸುವಂತೆ ಕಂಡವು. ಅದರಾಚೆಯ ಜಯಶೀಲಳ ಕೊಳವೂ ಹಾಗೇ. ಎದುರು ಸಾಲಿನವೂ ಹಾಗೇ. ಹರಿಣಿ ತಂದದ್ದು ಒಂದೇ ಸೀಸೆ.

ಹಿತ್ತಿಲಿಗೆ ಹೋದವಳು ಕರಿಬೇವಿನ ಗಿಡದ ಮುಂದೆ ನಿಂತಳು.

ಇಲ್ಲಿಂದ ಮುಂದೆ ಕಥೆಗೆ ಉಪ್ಪುಖಾರ ಸೇರಿಸುವ ಅಗತ್ಯ ಬೀಳುವುದಿಲ್ಲ. ಗಿಡ ಬೆಳ್ಳಗಿತ್ತು. ಒಣಗಿರಲಿಲ್ಲ, ಬಾಡಿರಲಿಲ್ಲ. ಪ್ರತಿಯೊಂದು ಎಲೆಯೂ ಎಲೆಯ ಆಕಾರದಲ್ಲೇ, ನರನರವೂ ಕಾಣುವಂತೆ, ಸುಣ್ಣ ಬಳಿದ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಬೆಳ್ಳಗೆ ನಿಂತಿತ್ತು. ಗಾಳಿ ಬಂದಾಗ ಎಲೆಯ ಸದ್ದೇ ಬೇರೆ ಇತ್ತು, ತೆಳುವಾಗಿ. ಪಕ್ಕದ ತುಳಸಿ ಅರ್ಧ ಬೆಳ್ಳಗಾಗಿತ್ತು. ತಾವರೆ ಎಲೆಗಳು ಬೋಳು ತಲೆಗಳಂತೆ ತೇಲುತ್ತಿದ್ದವು. ಒಂದು ಇರುವೆಯೂ ಆ ಗಿಡಗಳ ಹತ್ತಿರ ಸುಳಿಯುತ್ತಿರಲಿಲ್ಲ.

"ಚೆನ್ನಾಗಿದೆಯಲ್ವಾ?" ಎಂದರು ಹಿಂದಿನಿಂದ ವಿಶಾಲಾಕ್ಷಮ್ಮ. "ಮೊನ್ನೆ ತೀರ್ಪುಗಾರರು ಬಂದಿದ್ದರು. ಬಿಳಿ ತುಳಸಿ ಎಲ್ಲಿ ತರಿಸಿದಿರಿ ಅಮ್ಮ ಅಂತ ಕೇಳಿ ಬಾಯಿ ತೆರೆದವರು ಮುಚ್ಚಲೇ ಇಲ್ಲ. ಬಹುಮಾನ ನಮಗೇ ಅಂತ ಇಟ್ಟುಕೋ."

"ದೊಡ್ಡಮ್ಮ, ಪುಡಿ ಮುಗಿದಮೇಲೆ ಕೊಳಕ್ಕೆ ಏನು ಹಾಕಿದಿರಿ?"

"ಏನು ಹಾಕ್ತಾರೆ? ಹೆಪ್ಪು."

ಹರಿಣಿಗೆ ಅರ್ಥವಾಗಲಿಲ್ಲ. ಅಥವಾ ಅರ್ಥವಾಗಿ, ಆಗದಿರಲಿ ಎಂದು ಒಂದು ಕ್ಷಣ ಹಾಗೇ ನಿಂತಳು.

ವಿಶಾಲಾಕ್ಷಮ್ಮ ಒಳಗೆ ಕರೆದೊಯ್ದು ಒಲೆಯ ಪಕ್ಕದ ಪಾತ್ರೆಯ ತಟ್ಟೆ ಸರಿಸಿ ತೋರಿಸಿದರು. ಮೊಸರು ಗಟ್ಟಿಯಾಗಿತ್ತು, ಮೇಲೆ ನಸುಬೂದಿ ಬಣ್ಣದ ಕೆನೆ. "ನಿಲ್ಲಿಸಿದರೆ ಪಾಚಿ ಮತ್ತೆ ಬರಲ್ವಾ? ಸೀಸೆ ತಳದಲ್ಲಿ ಎರಡು ಹನಿ ಉಳಿದಿತ್ತು. ಹಾಲಿನ ಸಕ್ಕರೆ ಬೇಕು ಅದಕ್ಕೆ ಅಂದಿದ್ದೆಯಲ್ಲ. ಸಕ್ಕರೆ ಯಾಕೆ, ಹಾಲೇ ಕೊಡೋಣ ಅಂತ ಉಗುರುಬೆಚ್ಚಗೆ ಮಾಡಿ ನಮ್ಮ ಹೆಪ್ಪಿನ ಜೊತೆ ಇದನ್ನೂ ಬಿಟ್ಟೆ. ಬೆಳಿಗ್ಗೆಗೆ ನೋಡು, ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ದಿನಾ ಒಂದು ಸೌಟು ಕೊಳಕ್ಕೆ, ಒಂದು ಚಮಚ ಮರುದಿನದ ಹಾಲಿಗೆ. ನಿನ್ನ ಆಫೀಸಿನ ಮುಂದೆ ಕೈ ಚಾಚೋ ಹಾಗೇ ಇಲ್ಲ."

"ಬೀದಿಯವರಿಗೆ?"

"ಕೇಳಿದರು, ಕೊಟ್ಟೆ. ಹೆಪ್ಪು ಇಲ್ಲ ಅನ್ನಕ್ಕಾಗುತ್ತೇನೇ?"

"ಕರಿಬೇವಿಗೆ?"

"ಹುಳಿ ಮಜ್ಜಿಗೆ ಹೊಯ್ದರೆ ಕರಿಬೇವು ಚೆನ್ನಾಗಿ ಬರುತ್ತೆ, ನಿಮ್ಮಮ್ಮ ನಿನಗೆ ಅಷ್ಟೂ ಹೇಳಿಕೊಟ್ಟಿಲ್ಲವಾ? ಎಲೆ ಮೇಲೂ ಚಿಮುಕಿಸ್ತೀವಿ."

ಹರಿಣಿ ಒಂದು ಖಾಲಿ ಸೀಸೆ ತೆಗೆದು ಅದಕ್ಕೆ ಒಂದು ಸೌಟು ಮೊಸರು ತುಂಬಿಕೊಂಡಳು.

*

ಲ್ಯಾಬಿನಲ್ಲಿ ಅವಳು ಆ ಮೊಸರಿನ ಒಂದು ಹನಿಯನ್ನು ಬರೀ ನೀರಿಗೆ ಹಾಕಿದಳು. ಹಾಲಿಲ್ಲ, ಸಕ್ಕರೆಯಿಲ್ಲ. ಸಂಜೆಯೊಳಗೆ ಸಾಯಬೇಕಿತ್ತು. ಮರುದಿನ ನೋಡಿದರೆ ಹೆಚ್ಚಾಗಿತ್ತು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ದಿನದಿನವೂ ಹೊಸ ಹಾಲು, ಬೆಚ್ಚನೆಯ ಜಾಗ, ಯಾರೂ ಎಂದೂ ಕೀಲಿಕೈ ತೆಗೆಯದ ಬದುಕು. ಕೋಟಿಗಟ್ಟಲೆ ಮರಿ ಹಾಕುವಾಗ ಎಲ್ಲೋ ಒಂದಕ್ಕೆ ಬೀಗವೇ ಮುರಿದು ಬಾಗಿಲು ತೆರೆದೇ ಉಳಿದಿತ್ತು. ಆಮೇಲೆ ಹುಟ್ಟಿದ್ದೆಲ್ಲ ಅದರ ಸಂತಾನ. ಅಷ್ಟೇ ಆಗಿದ್ದರೆ ಪಾಚಿ ತಿಂದುಕೊಂಡು ಬಿದ್ದಿರುತ್ತಿತ್ತು. ಆದರೆ ವಿಶಾಲಾಕ್ಷಮ್ಮನವರ ಹಾಲಿನ ದಪ್ಪ ಕೆನೆಯಲ್ಲಿ ಬೆಳೆದು ಬೆಳೆದು ಅದು ಕೊಬ್ಬು ಕರಗಿಸುವ ವಿದ್ಯೆ ಕಲಿತಿತ್ತು. ಕೊಬ್ಬು ಕರಗಿಸಿದ್ದಕ್ಕೆ ಎಲೆಯ ಮೇಣ ಯಾವ ಲೆಕ್ಕ?

ಹರಿಣಿ ಒಂದು ಭತ್ತದ ಸಸಿಯನ್ನು ಗಾಜಿನ ಲೋಟದಲ್ಲಿಟ್ಟು ಆ ನೀರು ಚಿಮುಕಿಸಿ ಎದುರಿಗೆ ಕೂತಳು. ಊಟಕ್ಕೆ ಏಳಲಿಲ್ಲ. ಸಸಿಯ ತುದಿ ಮೊದಲು ತಿಳಿಯಾಯಿತು. ಆಮೇಲೆ ಬಿಳುಪು ಕೆಳಗೆ ಇಳಿಯಿತು, ಯಾರೋ ಒಳಗಿನಿಂದ ಹೀರುತ್ತಿದ್ದ ಹಾಗೆ, ಅವಸರವಿಲ್ಲದೆ.

ಸಂಪತ್ ಬಂದು, ಹರಿಣಿ ಹೇಳಿದ್ದೆಲ್ಲ ಕೇಳಿ, ಲೋಟ ಎತ್ತಿ ಬೆಳಕಿಗೆ ಹಿಡಿದರು.

"ಈ ಮೊಸರು ತಿಂದವರಿಗೆ?" ಎಂದು ಕೇಳಿದರು.

"ಮನುಷ್ಯರಿಗೆ ಏನೂ ಮಾಡಲ್ಲ ಸರ್. ನಾವು ಹಸಿರಲ್ಲವಲ್ಲ."

"ನಾವು ತಿನ್ನೋದೆಲ್ಲ ಹಸಿರು." ಅವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ಆ ಬಡಾವಣೆಯ ಚರಂಡಿ ಎಲ್ಲಿಗೆ ಹೋಗುತ್ತೆ?"

"ಕೆಳಗಿನ ಕೆರೆಗೆ. ಈಗ ಮಳೆಯಿಲ್ಲ, ಅರ್ಧ ದಾರಿಯಲ್ಲೇ ಇಂಗಿ ಒಣಗ್ತಿದೆ. ಒಣಗಿದರೆ ಇದು ಸಾಯುತ್ತೆ, ನೋಡಿದೀನಿ. ಆದರೆ ಹಸ್ತದ ಮಳೆ ಬಂತು ಅಂದರೆ ಚರಂಡಿ ಕೆರೆಗೆ, ಕೆರೆ ಕೋಡಿ ಬಿದ್ದು ನಾಲೆಗೆ, ನಾಲೆ ಗದ್ದೆಬಯಲಿಗೆ."

ಸಂಪತ್ ಕಿಟಕಿಯ ಹೊರಗೆ ನೋಡಿದರು. ದಕ್ಷಿಣದಲ್ಲಿ ಬೆಟ್ಟದ ಹಿಂದೆ ಮೋಡ ಹೊಗೆಯಂತೆ ಏಳುತ್ತಿತ್ತು.

"ನೀವು ಕೇಳದೆ ಒಯ್ದದ್ದರ ಬಗ್ಗೆ ಆಮೇಲೆ ಮಾತಾಡೋಣ," ಎಂದರು. "ಕುದಿಸಿದರೆ ಸಾಯುತ್ತಾ?"

"ಸಾಯುತ್ತೆ. ಸುಣ್ಣದಲ್ಲೂ ಸಾಯುತ್ತೆ."

"ಹಾಗಾದರೆ ಸುಣ್ಣ ನಾನು ತರ್ತೀನಿ. ಮೊಸರಿನ ಪಾತ್ರೆಗಳು ನಿಮ್ಮ ಪಾಲಿಗೆ."

*

ಮರುದಿನ ವಿಶಾಲಾಕ್ಷಮ್ಮ ಭತ್ತದ ಸಸಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರು ಹಳ್ಳಿಯಲ್ಲಿ ಗದ್ದೆಯ ಪಕ್ಕ ಹುಟ್ಟಿ ಬೆಳೆದವರು.

"ಇದು ಹೀಗೇ ಎಲ್ಲ ಕಡೆ ಆಗುತ್ತೆ ಅಂತೀಯಾ?"

"ಮಳೆ ಬರೋದರೊಳಗೆ ಒಂದು ಹನಿಯೂ ಉಳೀಬಾರದು ದೊಡ್ಡಮ್ಮ. ಉಳಿದರೆ ಆಗುತ್ತೆ. ಬೇರೆ ಊರಿಗೆ ಯಾರಾದರೂ ಕಳಿಸಿದಾರಾ?"

"ಪಿತೃಪಕ್ಷದಲ್ಲಿ ಯಾರು ಹೆಪ್ಪು ಕಳಿಸ್ತಾರೆ? ಹಬ್ಬ ಆಗಲಿ ಅಂತ ಎಲ್ಲರೂ ಕಾಯ್ತಿದಾರೆ." ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡರು. "ನಡಿ. ಕೊಟ್ಟವಳು ನಾನು, ಕೇಳೋಳೂ ನಾನೇ."

ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಮೂರು ಕಲ್ಲಿಟ್ಟು ಹಂಡೆ ಏರಿಸಿದರು. ಆ ಹಂಡೆಯಲ್ಲಿ ಆನೆಗೆ ಸ್ನಾನ ಮಾಡಿಸಬಹುದಿತ್ತು. ನೀರು ಕೊತಕೊತ ಕುದಿಯಿತು. ಸಂಪತ್ ಒಂದು ಲಾರಿ ಸುಣ್ಣದ ಕಲ್ಲು ತಂದು, ಪ್ಯಾಂಟು ಮಡಚಿ, ಮನೆಮನೆಯ ಕೊಳಕ್ಕೆ ತಾವೇ ಸುರಿದರು. ಕೊಳಗಳು ಬುಸುಗುಟ್ಟಿ ಹೊಗೆಯೆದ್ದವು, ಮೀನು ಹೊಟ್ಟೆ ಮೇಲಾಗಿ ತೇಲಿದವು. ಕೂಲಿಯವರು ಬಿಳಿ ಗಿಡಗಳನ್ನು ಕಿತ್ತು ರಾಶಿ ಹಾಕಿ ಬೆಂಕಿಯಿಟ್ಟರು. ಆ ಹೊಗೆಯಲ್ಲಿ ಸೊಪ್ಪು ಸುಟ್ಟ ವಾಸನೆಯೇ ಇರಲಿಲ್ಲ, ಹಳೆಯ ಬಟ್ಟೆ ಸುಟ್ಟ ಹಾಗಿತ್ತು.

ಬೀದಿಯವರು ಕೊಳ ಬಿಟ್ಟುಕೊಟ್ಟರು, ಗಿಡ ಬಿಟ್ಟುಕೊಟ್ಟರು. ಜಗಳ ಎದ್ದದ್ದು ಮೊಸರಿಗೆ.

"ಕೊಟ್ಟ ಹೆಪ್ಪು ವಾಪಸ್ ಕೇಳ್ತಾರೇನ್ರೀ?" ಎಂದು ಕೋಮಲಮ್ಮ ಬಾಗಿಲಿಗೆ ಅಡ್ಡ ನಿಂತರು. "ನಮ್ಮನೆ ಹೈನು ಹಾಳಾಗಲಿ ಅಂತಾನಾ?"

"ಹಾಗೇ ಅಂದ್ಕೊಳ್ಳಿ. ತನ್ನಿ."

"ಬಹುಮಾನ ನಿಮಗೆ ತಪ್ಪಿ ನಮಗೆ ಬರುತ್ತೆ ಅಂತ ಈ ನಾಟಕ ಅಲ್ಲ ತಾನೇ?" ಇದು ಜಯಶೀಲ, ಪಕ್ಕದ ಗೇಟಿನಿಂದ. "ನಮ್ಮ ಬಿಳಿ ಎಲೆ ದಾಸವಾಳದ ಫೋಟೋ ತೀರ್ಪುಗಾರರು ನಾಲ್ಕು ಕಡೆಯಿಂದ ಹಿಡಿದಿದ್ದಾರೆ."

"ಬಹುಮಾನ ನಿನಗೇ ಇರಲಿ ಕಣಮ್ಮ, ಕಪ್ಪಿನ ಜೊತೆಗೆ ನನ್ನ ಸೀರೆಯನ್ನೂ ತಗೋ. ಪಾತ್ರೆ ತಾ."

ವಿಶಾಲಾಕ್ಷಮ್ಮ ಬಾಗಿಲು ಬಾಗಿಲಿಗೆ ಹೋದರು. ಮೂವತ್ತು ವರ್ಷ ಆ ಬೀದಿಗೆ ಕೊಟ್ಟ ಕೈ ಅಂದು ಚಾಚಿ ನಿಂತಿತು. ಇವರು ಶಾಪ ಹಾಕಿಯಾರೆಂದು ಹೆದರಿ ಕೆಲವರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಒಬ್ಬರು ವಿಶಾಲಾಕ್ಷಮ್ಮ ನಿಂತಿದ್ದ ಮೆಟ್ಟಿಲಿಗೆ ನೀರು ಹಾಕಿ ತೊಳೆದರು. ಹರಿಣಿ ಹಿಂದೆ ಹಿಂದೆ ನಡೆಯುತ್ತ ತಲೆ ಎತ್ತಿ ಆಕಾಶ ನೋಡುತ್ತಿದ್ದಳು. ಮೋಡ ಬೆಟ್ಟ ದಾಟಿ ಈಚೆ ಬಂದಿತ್ತು, ಎಮ್ಮೆಯ ಹೊಟ್ಟೆಯ ಹಾಗೆ ಕೆಳಗೆ ಜೋತಿತ್ತು.

ಆದರೂ ಬಂದರು. ಒಬ್ಬೊಬ್ಬರಾಗಿ, ಮುಖ ತಿರುಗಿಸಿಕೊಂಡು, ಪಾತ್ರೆ ಹಿಡಿದು ಹಂಡೆಯ ಹತ್ತಿರ ಬಂದು ಸುರಿದರು. ಕೋಮಲಮ್ಮನೂ ಬಂದರು, ಜಯಶೀಲಳೂ ಬಂದಳು. ಹರಿಣಿ ಪ್ರತಿ ಮನೆಯನ್ನೂ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಒಂದೂ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಉಳಿದದ್ದು ವಿಶಾಲಾಕ್ಷಮ್ಮನವರ ಪಾತ್ರೆ ಮಾತ್ರ. ಅಡುಗೆಮನೆಯಲ್ಲಿ ಅದಕ್ಕೆಂದೇ ನೀರು ಕುದಿಯುತ್ತಿತ್ತು. ಹರಿಣಿ ನೆಲದ ಮೇಲೆ ಕಾಲು ಚಾಚಿ ಕೂತಳು. ದೂರದಲ್ಲಿ ಗುಡುಗು ಉರುಳಿತು. ಉರುಳಲಿ ಅನ್ನಿಸಿತು.

"ನಾಳೆ ಮೊಸರಿಲ್ಲ, ಚಿತ್ರಾನ್ನ ಮಾಡಿಬಿಡ್ತೀನಿ," ಎನ್ನುತ್ತ ವಿಶಾಲಾಕ್ಷಮ್ಮ ಪಾತ್ರೆ ಎತ್ತಿ ಕುದಿಯುವ ನೀರಿಗೆ ಬಗ್ಗಿಸಿದರು. "ನಿಂಬೆಹಣ್ಣಿದೆಯೋ ಇಲ್ಲವೋ ನೋಡಬೇಕು. ಕರಿಬೇವಂತೂ ಇಲ್ಲ, ಅದಿಲ್ಲದೆ ಒಗ್ಗರಣೆ ಏನು ಚೆಂದ..."

ಮಾತು ನಡೆದೇ ಇತ್ತು. ಮೊಸರು ಜಾರಿ ಬಿತ್ತು. ತಳದಲ್ಲಿ ಸ್ವಲ್ಪ ಉಳಿದಾಗ ಅವರ ಕೈ ಪಾತ್ರೆಯನ್ನು ತಟ್ಟನೆ ನೆಟ್ಟಗೆ ಮಾಡಿತು. ಇನ್ನೊಂದು ಕೈ ಚಮಚ ಹಾಕಿ, ಒಂದು ಪುಟ್ಟ ಬಟ್ಟಲಿಗೆ ತೆಗೆದು, ಅದರ ಮೇಲೆ ತಟ್ಟೆ ಮುಚ್ಚಿ, ಉಪ್ಪಿನ ಭರಣಿಯ ಹಿಂದೆ ಸರಿಸಿತು. ಬಾಯಿ ಇನ್ನೂ ನಿಂಬೆಹಣ್ಣಿನ ಮಾತಾಡುತ್ತಿತ್ತು.

"ದೊಡ್ಡಮ್ಮ. ಅದೇನು?"

"ಯಾವುದು?"

"ಭರಣಿ ಹಿಂದೆ ಇಟ್ಟಿರಲ್ಲ."

ವಿಶಾಲಾಕ್ಷಮ್ಮ ತಿರುಗಿ ಬಟ್ಟಲು ನೋಡಿದರು. ಆಮೇಲೆ ತಮ್ಮ ಕೈ ನೋಡಿಕೊಂಡರು, ಬೇರೆ ಯಾರದೋ ಕೈ ನೋಡುವ ಹಾಗೆ.

"ಅಯ್ಯೋ, ಗೊತ್ತೇ ಆಗಲಿಲ್ಲ ಕಣೆ. ಹೆಪ್ಪಿನ ಪಾತ್ರೆ ಪೂರ್ತಿ ಬರಿದು ಮಾಡಬಾರದಲ್ಲ. ಕೈ ತಾನಾಗೇ ಎತ್ತಿಡುತ್ತೆ." ಬಟ್ಟಲನ್ನು ತೆಗೆದು ಕುದಿನೀರಿಗೆ ಹಾಕಿದರು, ಬಟ್ಟಲ ಸಮೇತ. ನಗಲು ನೋಡಿದರು. "ಎಷ್ಟೇ ಕಷ್ಟ ಇರಲಿ, ಯಾರೂ ಪೂರ್ತಿ ಬರಿದು ಮಾಡಲ್ಲ..."

ಅವರು ತಿರುಗಿ ಹರಿಣಿಯ ಮುಖ ನೋಡಿದರು.

ಹರಿಣಿಯ ಕಣ್ಣಿನ ಮುಂದೆ ಹಂಡೆ ಬಂತು. ಅದರ ಸುತ್ತ ಬಂದುಹೋದ ಕೈಗಳು ಬಂದವು. ಎಲ್ಲರೂ ಪಾತ್ರೆ ಬಗ್ಗಿಸಿ ಸುರಿದಿದ್ದರು. ಆ ಪಾತ್ರೆಗಳು ಮನೆಯಿಂದ ಹೊರಡುವ ಮೊದಲು ಅಡುಗೆಮನೆಯ ಕತ್ತಲಲ್ಲಿ ಏನಾಯಿತೆಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೂ ಪ್ರಯೋಜನವಿರಲಿಲ್ಲ. ಎಲ್ಲ ಕೊಟ್ಟೆವು ಎಂದೇ ಹೇಳುತ್ತಿದ್ದರು, ಹೇಳಿದ್ದನ್ನು ನಂಬಿಯೂ ಇರುತ್ತಿದ್ದರು.

ಹೆಂಚಿನ ಮೇಲೆ ಮೊದಲ ಹನಿ ಬಿತ್ತು. ಆಮೇಲೆ ಮತ್ತೊಂದು. ಆಮೇಲೆ ಎಣಿಸಲು ಆಗದಷ್ಟು.

ಅವಳು ಚಪ್ಪಲಿಯಿಲ್ಲದೆ ಓಡಿದಳು. ಹಿಂದೆ ವಿಶಾಲಾಕ್ಷಮ್ಮ ಕುದಿನೀರಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು, ಮೊಣಕಾಲು ನೋವಿನಲ್ಲೇ ಓಡಿ ಬರುತ್ತಿದ್ದರು. ಮಳೆ ಧೋ ಎಂದು ಸುರಿಯುತ್ತಿತ್ತು, ಚರಂಡಿಯಲ್ಲಿ ಆಗಲೇ ಕೆಂಪು ನೀರು ಕೆರೆಯ ಕಡೆ ಮುಖ ಮಾಡಿ ಓಡುತ್ತಿತ್ತು. ಹರಿಣಿ ಕೋಮಲಮ್ಮನವರ ಬಾಗಿಲು ಬಡಿದಳು. ಯಾರೂ ತೆರೆಯಲಿಲ್ಲ. ಅವರ ಅಡುಗೆಮನೆಯ ಕೊಳವೆಯೂ ಅದೇ ಚರಂಡಿಗೆ ಬೀಳುತ್ತಿತ್ತು. ಮತ್ತೆ ಬಡಿದು ಕಿವಿಗೊಟ್ಟಳು.

ಒಳಗೆ ನಲ್ಲಿ ಬಿಟ್ಟುಕೊಂಡು ಯಾರೋ ಪಾತ್ರೆ ತೊಳೆಯುತ್ತಿದ್ದರು.